ಬ್ಯಾಕ್‌ಸ್ಲ್ಯಾಶ್‌ನ ಎರಡು ಓದು: ಸ್ಟ್ರಿಂಗ್‌ನಲ್ಲೊಮ್ಮೆ, ರೆಜೆಕ್ಸ್‌ನಲ್ಲೊಮ್ಮೆ

ಬ್ಯಾಕ್‌ಸ್ಲ್ಯಾಶ್, ಅಂದರೆ ಎಡಕ್ಕೆ ವಾಲಿದ \ ಎಂಬ ಓರೆಗೆರೆ, ಪ್ರೋಗ್ರಾಂ ಬರಹದಲ್ಲಿ ತನಗಾಗಿ ನಿಲ್ಲುವುದು ಅಪರೂಪ. ತನ್ನ ಬೆನ್ನಿಗೆ ಬರುವ ಅಕ್ಷರದ ಅರ್ಥವನ್ನು ಬದಲಿಸುವುದೇ ಅದರ ಮುಖ್ಯ ಕೆಲಸ. ಈ ಬದಲಾವಣೆ ಎರಡು ದಿಕ್ಕಿನಲ್ಲಿ ನಡೆಯುತ್ತದೆ. ವಿಶೇಷ ಅರ್ಥವಿರುವ ಚಿಹ್ನೆಯ ಜೊತೆ ಬಂದರೆ ಅದು ಆ ವಿಶೇಷವನ್ನು ಕಳೆದುಬಿಡುತ್ತದೆ: ಕೋಟ್‌ಗಳ ನಡುವೆ \" ಎಂದು ಬರೆದರೆ ಆ ಕೋಟ್ ಸ್ಟ್ರಿಂಗನ್ನು ಮುಗಿಸದೆ ಪಠ್ಯದ ಒಂದು ಅಕ್ಷರವಾಗಿ ಉಳಿಯುತ್ತದೆ. ಸಾದಾ ಅಕ್ಷರದ ಜೊತೆ ಬಂದರೆ ಅದಕ್ಕೆ ಇಲ್ಲದ ವಿಶೇಷವನ್ನು ಕೊಡುತ್ತದೆ: \ಎನ್ ಎಂದರೆ ಹೊಸ ಸಾಲು, \ಟಿ ಎಂದರೆ ಟ್ಯಾಬ್. ಈ ಜೋಡಣೆಗೆ ಎಸ್ಕೇಪ್ ಎಂದು ಹೆಸರು. ಇಲ್ಲಿ \ಎನ್, \ಟಿ, \ಬಿ ಎಂದು ಬರೆದ ಕಡೆಯೆಲ್ಲ ಬ್ಯಾಕ್‌ಸ್ಲ್ಯಾಶ್‌ನ ನಂತರ ಆ ಹೆಸರಿನ ಇಂಗ್ಲಿಷ್ ಸಣ್ಣಕ್ಷರ ಇದೆ ಎಂದು ತಿಳಿಯಬೇಕು.

ನಿಯಮ ಇಷ್ಟು ಸರಳವಾಗಿದ್ದರೂ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ರೆಜೆಕ್ಸ್, ಬರೆಯುವವರು ಎಡವುವುದು ಇಲ್ಲೇ. ಎಡವಲು ಕಾರಣ ಒಂದೇ. ರೆಜೆಕ್ಸನ್ನು ಬಹುತೇಕ ಭಾಷೆಗಳಲ್ಲಿ ಸ್ಟ್ರಿಂಗ್‌ನೊಳಗೆ ಬರೆಯಬೇಕಾಗುತ್ತದೆ. ಆಗ ಅದೇ ಬ್ಯಾಕ್‌ಸ್ಲ್ಯಾಶನ್ನು ಇಬ್ಬರು ಓದುತ್ತಾರೆ: ಮೊದಲು ಭಾಷೆಯ ಕಂಪೈಲರ್, ಆಮೇಲೆ ರೆಜೆಕ್ಸ್ ಎಂಜಿನ್. ಮೊದಲನೆಯವರು ಓದಿ ಕಳೆದುಬಿಟ್ಟದ್ದು ಎರಡನೆಯವರ ಕೈಗೆ ಸಿಗುವುದಿಲ್ಲ. ಯಾವ ಚಿಹ್ನೆಯನ್ನು ಯಾರು, ಯಾವಾಗ ಓದುತ್ತಾರೆ ಎಂಬುದು ಖಚಿತವಾದರೆ ಉಳಿದೆಲ್ಲ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಚಿಹ್ನೆ ಬಂದ ದಾರಿ

ಬ್ಯಾಕ್‌ಸ್ಲ್ಯಾಶ್ ಕಂಪ್ಯೂಟರಿಗೆ ಬಂದದ್ದು ಎಸ್ಕೇಪ್ ಕೆಲಸಕ್ಕಾಗಿ ಅಲ್ಲ. 1961ರಲ್ಲಿ ಐಬಿಎಂನ ಬಾಬ್ ಬೀಮರ್ ಇದನ್ನು ಆಸ್ಕಿ ಅಕ್ಷರಪಟ್ಟಿಗೆ ಸೇರಿಸುವಂತೆ ಸೂಚಿಸಿದರು. ಆಲ್ಗಾಲ್ ಭಾಷೆಯ ತರ್ಕಚಿಹ್ನೆಗಳನ್ನು /\ ಮತ್ತು \/ ಎಂದು ಎರಡು ಗೆರೆ ಕೂಡಿಸಿ ಬರೆಯಲು ಸಾಧ್ಯವಾಗಲಿ ಎಂಬುದು ಉದ್ದೇಶ. 1963ರ ಆಸ್ಕಿಯಲ್ಲಿ ಅದಕ್ಕೆ 92ನೇ ಸ್ಥಾನ ಸಿಕ್ಕಿತು. ಒಂದು ಸಂಕೇತಪದ್ಧತಿಯಿಂದ ಇನ್ನೊಂದಕ್ಕೆ ಹೊರಳಲು ಗುರುತೊಂದು ಬೇಕು ಎಂದು ವಾದಿಸಿ, ಆಸ್ಕಿಯ 27ನೇ ಸ್ಥಾನದ ಎಸ್ಕೇಪ್ ಸಂಕೇತಕ್ಕೆ ಕಾರಣರಾದವರೂ ಬೀಮರ್ ಅವರೇ.

ಸಿ ಭಾಷೆಗೆ ತಾಯಿಯಾದ ಬಿ ಭಾಷೆಯಲ್ಲಿ ಈ ಕೆಲಸವನ್ನು ನಕ್ಷತ್ರಚಿಹ್ನೆ ಮಾಡುತ್ತಿತ್ತು. ಹೊಸ ಸಾಲಿಗೆ *ಎನ್ ಎಂದು ಬರೆಯುತ್ತಿದ್ದರು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದಾಗ ನಕ್ಷತ್ರದ ಜಾಗಕ್ಕೆ ಬ್ಯಾಕ್‌ಸ್ಲ್ಯಾಶ್ ಬಂತು. ಸಿ ಎಲ್ಲೆಡೆ ಹರಡಿದಂತೆ ಈ ರೂಢಿಯೂ ಹರಡಿತು. ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್, ಪಿಎಚ್‌ಪಿ, ಗೋ, ರಸ್ಟ್ ಎಲ್ಲವೂ ಅದನ್ನೇ ಒಪ್ಪಿಕೊಂಡವು.

ರೆಜೆಕ್ಸ್‌ನ ಹುಟ್ಟು ಬೇರೆ ಕಡೆ. ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ಇದರ ಸಿದ್ಧಾಂತ ಕಟ್ಟಿದರು. ಪಠ್ಯದಲ್ಲಿ ಹುಡುಕುವ ಸಾಧನವಾಗಿ ಇದನ್ನು ಬಳಕೆಗೆ ತಂದವರು ಕೆನ್ ಥಾಂಪ್ಸನ್. ಅವರ ಹುಡುಕಾಟ ವಿಧಾನದ ಪ್ರಬಂಧ ಪ್ರಕಟವಾದದ್ದು 1968ರಲ್ಲಿ. ಅವರ ಎಡಿಟರ್‌ಗಳಿಂದ ರೆಜೆಕ್ಸ್ ಯುನಿಕ್ಸ್‌ನ ಗ್ರೆಪ್, ಸೆಡ್, ಆಕ್ ಮೊದಲಾದ ಸಾಧನಗಳಿಗೆ ಇಳಿಯಿತು. ಅಲ್ಲಿ ಚುಕ್ಕಿ, ನಕ್ಷತ್ರ, ಚೌಕ ಆವರಣಗಳಿಗೆ ವಿಶೇಷ ಅರ್ಥವಿತ್ತು. ಅವನ್ನೇ ಅಕ್ಷರಶಃ ಹುಡುಕಬೇಕಾದಾಗ ಬ್ಯಾಕ್‌ಸ್ಲ್ಯಾಶ್ ನೆರವಿಗೆ ಬಂತು. ಸ್ಟ್ರಿಂಗ್‌ಗೂ ರೆಜೆಕ್ಸ್‌ಗೂ ಎಸ್ಕೇಪ್ ಗುರುತು ಒಂದೇ ಆಯಿತು. ಇಂದಿನ ತೊಡಕಿನ ಬೇರು ಇದೇ.

ಸ್ಟ್ರಿಂಗ್‌ನ ಓದು

ಸಿ ಪರಂಪರೆಯ ಸ್ಟ್ರಿಂಗ್ ಎಸ್ಕೇಪ್‌ಗಳಲ್ಲಿ ಮೂರು ಬಗೆ. ಮೊದಲನೆಯದು ರಕ್ಷಣೆಯದು: \" ಮತ್ತು \\. ಎರಡನೆಯದು ಕಣ್ಣಿಗೆ ಕಾಣದ ಅಕ್ಷರಗಳದು: \ಎನ್, \ಟಿ, \ಆರ್, \ಬಿ. ಮೂರನೆಯದು ಸಂಖ್ಯೆಯಿಂದ ಅಕ್ಷರವನ್ನು ಹೆಸರಿಸುವುದು: ಅಷ್ಟಮಾನ ಪದ್ಧತಿಯ \012, ಷೋಡಶಮಾನದ \ಎಕ್ಸ್, ಯೂನಿಕೋಡ್‌ನ \ಯು. ಮೂರನೆಯ ಬಗೆಯಲ್ಲಿ ಎಚ್ಚರ ಹೆಚ್ಚು ಬೇಕು. ಸಿ ಭಾಷೆಯಲ್ಲಿ ಸೊನ್ನೆ ಸಂಕೇತದ ಅಕ್ಷರವನ್ನು \0 ಎಂದು ಬರೆಯುತ್ತಾರೆ. ಅದರ ಮುಂದೆ 12 ಎಂಬ ಅಂಕೆಗಳು ಬರಲಿ ಎಂದು \012 ಬರೆದರೆ ಸಿಗುವುದು ಮೂರು ಅಕ್ಷರವಲ್ಲ, ಹೊಸ ಸಾಲಿನ ಒಂದೇ ಅಕ್ಷರ. ಅಷ್ಟಮಾನದ 012 ಎಂದರೆ ದಶಮಾನದ 10, ಅದು ಹೊಸ ಸಾಲಿನ ಸಂಕೇತ.

ಪಟ್ಟಿಯಲ್ಲಿಲ್ಲದ ಎಸ್ಕೇಪ್ ಸಿಕ್ಕಾಗ ಏನು ಮಾಡಬೇಕು ಎಂಬಲ್ಲಿ ಭಾಷೆಗಳಿಗೆ ಒಮ್ಮತವಿಲ್ಲ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಬೆಲೆಪಟ್ಟಿಯಲ್ಲಿ 12.50 ಎಂಬ ಮೊತ್ತವನ್ನು ಹುಡುಕಬೇಕಾಗಿದೆ. ರೆಜೆಕ್ಸ್‌ನಲ್ಲಿ ಬರಿಯ ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ. ಹಾಗಾಗಿ 12.50 ಎಂಬ ವಿನ್ಯಾಸಕ್ಕೆ 12350 ಕೂಡ ಹೊಂದುತ್ತದೆ. ಚುಕ್ಕಿಯೇ ಬೇಕಾದರೆ ಎಂಜಿನ್‌ಗೆ 12\.50 ತಲುಪಬೇಕು. ಇದನ್ನು ಸ್ಟ್ರಿಂಗ್‌ನಲ್ಲಿ "12\.50" ಎಂದೇ ಬರೆದರೆ ಏನಾಗುತ್ತದೆ?

ಜಾವಾ ಕಂಪೈಲರ್ \. ಎಂಬ ಎಸ್ಕೇಪ್ ಇಲ್ಲವೆಂದು ದೋಷ ತೋರಿಸಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಏನೂ ಹೇಳದೆ ಬ್ಯಾಕ್‌ಸ್ಲ್ಯಾಶನ್ನು ಬಿಸಾಡುತ್ತದೆ. ಎಂಜಿನ್‌ಗೆ ತಲುಪುವುದು 12.50, ಅದು 12350ನ್ನೂ ಹಿಡಿಯುತ್ತದೆ. ಪೈಥಾನ್ ತನಗೆ ಗೊತ್ತಿಲ್ಲದ ಎಸ್ಕೇಪನ್ನು ಬ್ಯಾಕ್‌ಸ್ಲ್ಯಾಶ್ ಸಮೇತ ಹಾಗೆಯೇ ಉಳಿಸುತ್ತದೆ. ಫಲಿತಾಂಶ ಸರಿಯಾಗಿಯೇ ಬರುತ್ತದೆ. ಈ ಮೂರರಲ್ಲಿ ಜಾವಾದ ಗದರಿಕೆಯೇ ಬರೆಯುವವರಿಗೆ ಹೆಚ್ಚು ಹಿತ. ಜಾವಾಸ್ಕ್ರಿಪ್ಟ್‌ನ ಮೌನ ಅತ್ಯಂತ ಅಪಾಯಕಾರಿ, ಏಕೆಂದರೆ 12.50 ಇರುವ ಪರೀಕ್ಷೆಯಲ್ಲಿ ಪ್ರೋಗ್ರಾಂ ಪಾಸಾಗುತ್ತದೆ. ತಪ್ಪು ಬೆಳಕಿಗೆ ಬರುವುದು 12350 ಎದುರಾದ ದಿನ. ಪೈಥಾನ್‌ನ ಉದಾರತೆಯೂ ನಂಬುವಂಥದ್ದಲ್ಲ. 2016ರ 3.6ನೇ ಆವೃತ್ತಿಯಿಂದ ಇಂಥ ಬರಹವನ್ನು ಕೈಬಿಡಬೇಕಾದದ್ದು ಎಂದು ಗುರುತಿಸಲಾಗಿದೆ. 2023ರ 3.12ರಿಂದ ಎಲ್ಲರ ಕಣ್ಣಿಗೆ ಬೀಳುವ ಎಚ್ಚರಿಕೆಯೇ ಬರುತ್ತದೆ.

ಈ ಮೂರೂ ಭಾಷೆಗಳಲ್ಲಿ ಸರಿಯಾದ ಬರಹ "12\\.50". ಕಂಪೈಲರ್ ಎರಡು ಬ್ಯಾಕ್‌ಸ್ಲ್ಯಾಶ್ ಓದಿ ಒಂದನ್ನು ಉಳಿಸುತ್ತದೆ. ಎಂಜಿನ್ ಆ ಒಂದನ್ನು ಚುಕ್ಕಿಯೊಡನೆ ಕೂಡಿಸಿ ಓದಿ, ಸಾದಾ ಚುಕ್ಕಿಯನ್ನು ಹುಡುಕುತ್ತದೆ.

ರೆಜೆಕ್ಸ್‌ನ ಓದು

ರೆಜೆಕ್ಸ್‌ನಲ್ಲೂ ಬ್ಯಾಕ್‌ಸ್ಲ್ಯಾಶ್‌ಗೆ ಎರಡು ದಿಕ್ಕು ಇವೆ. ಚುಕ್ಕಿ, ನಕ್ಷತ್ರ, ಕೂಡುಚಿಹ್ನೆ, ಪ್ರಶ್ನಾರ್ಥಕ, ಡಾಲರ್, ನಿಲುಗೆರೆ, ಆವರಣಗಳು, ಟೋಪಿ ಚಿಹ್ನೆ: ಇವುಗಳ ವಿಶೇಷವನ್ನು ಅದು ಕಳೆಯುತ್ತದೆ. ಅಕ್ಷರ ಅಂಕೆಗಳಿಗೆ ವಿಶೇಷವನ್ನು ಕೊಡುತ್ತದೆ: \ಡಿ ಅಂಕೆ, \ಎಸ್ ಖಾಲಿ ಜಾಗ, \ಡಬ್ಲ್ಯು ಪದದ ಅಕ್ಷರ, \ಬಿ ಪದದ ಗಡಿ, \1 ಮೊದಲ ಆವರಣದಲ್ಲಿ ಸಿಕ್ಕಿದ್ದೇ ಮತ್ತೆ.

ಆದರೆ ಹಳೆಯ ಯುನಿಕ್ಸ್ ಸಾಧನಗಳಲ್ಲಿ ಕೆಲವು ಚಿಹ್ನೆಗಳಿಗೆ ಈ ನಿಯಮ ತಲೆಕೆಳಗು. ಗ್ರೆಪ್ ಮತ್ತು ಸೆಡ್‌ನ ಮೂಲ ರೂಪದಲ್ಲಿ ( ಸಾದಾ ಆವರಣ, \( ಗುಂಪು ಕಟ್ಟುವ ಆವರಣ. ಮುಂದೆ ಬಂದ ವಿಸ್ತೃತ ರೂಪದಲ್ಲಿ ( ಗುಂಪು ಕಟ್ಟುತ್ತದೆ, \( ಸಾದಾ ಆವರಣ. ಪಾಸಿಕ್ಸ್ ಮಾನದಂಡ ಇವೆರಡನ್ನೂ ಒಪ್ಪಿಕೊಂಡು ಮೂಲ ಮತ್ತು ವಿಸ್ತೃತ ಎಂಬ ಎರಡು ಹೆಸರಿನಡಿ ದಾಖಲಿಸಿತು. ಈಮ್ಯಾಕ್ಸ್ ಎಡಿಟರ್ ಇಂದಿಗೂ ಹಳೆಯ ಜಾಡಿನಲ್ಲೇ ಇದೆ. ಅದರ ಲಿಸ್ಪ್‌ನಲ್ಲಿ ರೆಜೆಕ್ಸನ್ನು ಸ್ಟ್ರಿಂಗ್ ಆಗಿಯೇ ಬರೆಯಬೇಕಾದ್ದರಿಂದ ಒಂದು ಗುಂಪು ತೆರೆಯಲು "\\(" ಎನ್ನಬೇಕು.

ಈ ಗೊಂದಲಕ್ಕೆ ಒಳ್ಳೆಯ ಪರಿಹಾರ ಕೊಟ್ಟದ್ದು ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಭಾಷೆಯ ಪರಂಪರೆ. ಅದರ ನಿಯಮ ನೆನಪಿಡಲು ಸುಲಭ: ಬ್ಯಾಕ್‌ಸ್ಲ್ಯಾಶ್‌ನ ಬೆನ್ನಿಗೆ ಆಸ್ಕಿಯ ವಿರಾಮಚಿಹ್ನೆ ಬಂದರೆ ಅದು ಯಾವಾಗಲೂ ಸಾದಾ, ಬೆನ್ನಿಗೆ ಅಕ್ಷರವೋ ಅಂಕೆಯೋ ಬಂದರೆ ಮಾತ್ರ ವಿಶೇಷ ಅರ್ಥ ಇರಬಹುದು. ಅನುಮಾನವಿದ್ದಾಗ ಚಿಹ್ನೆಯ ಎಡಕ್ಕೆ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಕೆಡುಕಿಲ್ಲ ಎಂಬ ಧೈರ್ಯ ಇದರಿಂದ ಬಂತು. 1997ರಲ್ಲಿ ಫಿಲಿಪ್ ಹೇಝಲ್ ಬರೆದ ಪಿಸಿಆರ್‌ಇ ಲೈಬ್ರರಿಯ ಮೂಲಕ ಪರ್ಲ್ ಶೈಲಿ ಪಿಎಚ್‌ಪಿ ಮೊದಲಾದ ಹಲವು ಕಡೆ ನೆಲೆಯಾಯಿತು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ಗಳ ಎಂಜಿನ್‌ಗಳೂ ಬಹುಪಾಲು ಅದೇ ಶೈಲಿಯವು.

ಚೌಕ ಆವರಣದೊಳಗಿನ ಲೋಕ ಮತ್ತೆ ಬೇರೆ. ಅಲ್ಲಿ ಚುಕ್ಕಿಗೂ ನಕ್ಷತ್ರಕ್ಕೂ ವಿಶೇಷವಿಲ್ಲ, [.] ಎಂದರೆ ಚುಕ್ಕಿಯೇ. 12[.]50 ಎಂದು ಬರೆದರೆ ಬ್ಯಾಕ್‌ಸ್ಲ್ಯಾಶ್‌ನ ಹಂಗೇ ಇಲ್ಲ. ಎರಡು ಓದಿನ ತೊಡಕನ್ನು ತಪ್ಪಿಸಲು ಅನುಭವಿಗಳು ಈ ದಾರಿ ಹಿಡಿಯುವುದುಂಟು. ಆದರೆ ಚೌಕದೊಳಗೆ ಬ್ಯಾಕ್‌ಸ್ಲ್ಯಾಶ್ ಏನು ಎಂಬುದಕ್ಕೆ ಎರಡು ಉತ್ತರಗಳಿವೆ. ಪಾಸಿಕ್ಸ್ ಪ್ರಕಾರ ಅದು ಸಾದಾ ಅಕ್ಷರ; ಪರ್ಲ್ ಪರಂಪರೆಯಲ್ಲಿ ಅಲ್ಲೂ ಅದು ಎಸ್ಕೇಪ್ ಗುರುತೇ.

\ಬಿ ಎಂಬುದಕ್ಕಂತೂ ನಿಂತ ಜಾಗವನ್ನು ನೋಡಿ ಅರ್ಥ. ಸಾದಾ ಸ್ಟ್ರಿಂಗ್‌ನಲ್ಲಿ ಅದು ಬ್ಯಾಕ್‌ಸ್ಪೇಸ್, ಸಂಕೇತ 8. ರೆಜೆಕ್ಸ್‌ನಲ್ಲಿ ಪದದ ಗಡಿ. ರೆಜೆಕ್ಸ್‌ನ ಚೌಕ ಆವರಣದೊಳಗೆ ಹೋದರೆ ಮತ್ತೆ ಬ್ಯಾಕ್‌ಸ್ಪೇಸ್. ಪದದ ಗಡಿ ಹುಡುಕಲು ಹೊರಟು ಸಾದಾ ಸ್ಟ್ರಿಂಗ್‌ನಲ್ಲಿ \ಬಿ ಬರೆದರೆ ಕಂಪೈಲರ್ ಅದನ್ನು ಬ್ಯಾಕ್‌ಸ್ಪೇಸ್ ಆಗಿಸಿ ದಾಟಿಸುತ್ತದೆ. ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಹುಡುಕಾಟಕ್ಕೆ ಏನೂ ಸಿಗುವುದಿಲ್ಲ, ಅಷ್ಟೆ. ಪೈಥಾನ್‌ನಲ್ಲಿ \1ಕ್ಕೂ ಇದೇ ಗತಿ. ಅದು ಒಂದನೇ ಗುಂಪಾಗಿ ಎಂಜಿನ್‌ಗೆ ತಲುಪುವ ಬದಲು ಸಂಕೇತ 1ರ ಕಾಣದ ಅಕ್ಷರವಾಗಿಬಿಡುತ್ತದೆ.

ಪದರ ಹೆಚ್ಚಿದಂತೆ

ಬ್ಯಾಕ್‌ಸ್ಲ್ಯಾಶನ್ನೇ ಹುಡುಕಬೇಕಾದಾಗ ಲೆಕ್ಕ ಇನ್ನೂ ಬೆಳೆಯುತ್ತದೆ. ಎಂಜಿನ್‌ಗೆ \\ ತಲುಪಬೇಕು. ಆ ಎರಡರಲ್ಲಿ ಒಂದೊಂದಕ್ಕೂ ಸ್ಟ್ರಿಂಗ್‌ನಲ್ಲಿ ಎರಡೆರಡು ಬೇಕು: "\\\\". ವಿಂಡೋಸ್ ನೆಟ್‌ವರ್ಕ್ ವಿಳಾಸಗಳು ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುತ್ತವೆ. ಅವನ್ನು ಹುಡುಕಲು ಎಂಟು ಬರೆಯಬೇಕು. ಲಕೋಟೆಯೊಳಗೆ ಲಕೋಟೆ ಇಟ್ಟು ಕಳಿಸಿದಂತೆ, ಪ್ರತಿಯೊಬ್ಬ ಓದುಗ ಒಂದೊಂದು ಲಕೋಟೆ ಒಡೆಯುತ್ತಾನೆ; ಒಡೆದಾಗಲೆಲ್ಲ ಬ್ಯಾಕ್‌ಸ್ಲ್ಯಾಶ್‌ಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ.

ಮೂರನೆಯ ಓದುಗನಾಗಿ ಶೆಲ್ ಬರುವುದು ಸಾಮಾನ್ಯ. ಟರ್ಮಿನಲ್‌ನಲ್ಲಿ ಗ್ರೆಪ್ ಆಜ್ಞೆಗೆ ಕೋಟ್ ಇಲ್ಲದೆ 12\.50 ಕೊಟ್ಟರೆ ಬ್ಯಾಕ್‌ಸ್ಲ್ಯಾಶನ್ನು ಶೆಲ್ಲೇ ತಿಂದುಹಾಕುತ್ತದೆ. ಗ್ರೆಪ್‌ಗೆ ಸಿಗುವುದು 12.50. ಒಂಟಿ ಕೋಟ್‌ನೊಳಗೆ '12\.50' ಎಂದರೆ ಶೆಲ್ ಏನನ್ನೂ ಮುಟ್ಟುವುದಿಲ್ಲ. ಜೋಡಿ ಕೋಟ್‌ನೊಳಗೆ ಡಾಲರ್, ಹಿಮ್ಮುಖ ಕೋಟ್, ಜೋಡಿ ಕೋಟ್, ಬ್ಯಾಕ್‌ಸ್ಲ್ಯಾಶ್ ಅಥವಾ ಸಾಲಿನ ಕೊನೆ ಮುಂದೆ ಇದ್ದಾಗ ಮಾತ್ರ ಬ್ಯಾಕ್‌ಸ್ಲ್ಯಾಶ್‌ಗೆ ಕೆಲಸ. ಆದ್ದರಿಂದ ಟರ್ಮಿನಲ್‌ನಲ್ಲಿ ರೆಜೆಕ್ಸನ್ನು ಒಂಟಿ ಕೋಟ್‌ನೊಳಗೆ ಬರೆಯುವುದೇ ಒಳ್ಳೆಯ ರೂಢಿ.

ದತ್ತಾಂಶ ಸಾಗಿಸುವ ಜೇಸನ್ ರೂಪವೂ ಒಂದು ಪದರ. ಅದರ ಎಸ್ಕೇಪ್ ಪಟ್ಟಿ ಚಿಕ್ಕದು, ಕಟ್ಟುನಿಟ್ಟಿನದು: ಕೋಟ್, ಬ್ಯಾಕ್‌ಸ್ಲ್ಯಾಶ್, ಸ್ಲ್ಯಾಶ್, ಐದು ನಿಯಂತ್ರಣಾಕ್ಷರಗಳು, ಮತ್ತು ನಾಲ್ಕು ಷೋಡಶಮಾನ ಅಂಕೆಗಳ \ಯು. ಪಟ್ಟಿಯಲ್ಲಿಲ್ಲದ \. ಅಥವಾ \' ಬಂದರೆ ಇಡೀ ಕಡತವೇ ಅಸಿಂಧು. ಹಾಗಾಗಿ ಸೆಟ್ಟಿಂಗ್ ಕಡತದಲ್ಲಿ ರೆಜೆಕ್ಸ್ ಇಡುವಾಗ ಅಲ್ಲೂ ಬ್ಯಾಕ್‌ಸ್ಲ್ಯಾಶ್ ಇಮ್ಮಡಿಯಾಗಬೇಕು.

ಬ್ಯಾಕ್‌ಸ್ಲ್ಯಾಶ್ ಇಲ್ಲದ ದಾರಿಗಳೂ ಇವೆ. ಎಸ್‌ಕ್ಯೂಎಲ್ ಮಾನದಂಡ ಕೋಟನ್ನು ಇಮ್ಮಡಿಸಿ '' ಎಂದು ಬರೆಯಲು ಹೇಳುತ್ತದೆ. ಆದರೂ ಮೈಎಸ್‌ಕ್ಯೂಎಲ್ ಬ್ಯಾಕ್‌ಸ್ಲ್ಯಾಶನ್ನೂ ಎಸ್ಕೇಪ್ ಆಗಿ ಓದುತ್ತದೆ. ಪೋಸ್ಟ್‌ಗ್ರೆಸ್ 2011ರ 9.1ನೇ ಆವೃತ್ತಿಯಿಂದ ಮಾನದಂಡದ ದಾರಿಗೆ ಹೊರಳಿತು. ಪವರ್‌ಶೆಲ್ ಹಿಮ್ಮುಖ ಕೋಟನ್ನು ಎಸ್ಕೇಪ್ ಗುರುತಾಗಿಸಿತು. ವಿಂಡೋಸ್‌ನಲ್ಲಿ ಕಡತದ ದಾರಿ ಬರೆಯಲು ಬ್ಯಾಕ್‌ಸ್ಲ್ಯಾಶ್ ಬಳಸುವುದು ರೂಢಿ. 1983ರ ಎಂಎಸ್-ಡಾಸ್ 2.0ರಲ್ಲಿ ಫೋಲ್ಡರ್ ವ್ಯವಸ್ಥೆ ಬಂದಾಗ ಸಾದಾ ಸ್ಲ್ಯಾಶ್ ಆಗಲೇ ಆಜ್ಞೆಗಳ ಆಯ್ಕೆಗುರುತಾಗಿ ಬಳಕೆಯಲ್ಲಿದ್ದದ್ದರಿಂದ ಈ ಗೆರೆ ಆ ಕೆಲಸಕ್ಕೆ ನಿಂತಿತು.

ಎಸ್ಕೇಪ್ ತಪ್ಪಿದರೆ ಭದ್ರತೆಗೂ ಕುತ್ತು. ಬಳಕೆದಾರರು ಕಳಿಸಿದ ಎಲ್ಲ ಪಠ್ಯಕ್ಕೂ ತಾನಾಗಿ ಬ್ಯಾಕ್‌ಸ್ಲ್ಯಾಶ್ ಸೇರಿಸುವ ಸೌಲಭ್ಯವೊಂದು ಪಿಎಚ್‌ಪಿಯಲ್ಲಿತ್ತು. ಆ ಪಠ್ಯ ಮುಂದೆ ಡೇಟಾಬೇಸಿಗೆ ಹೋಗುತ್ತದೋ ಪುಟದ ಮೇಲೆ ಕಾಣುತ್ತದೋ ಎಂದು ತಿಳಿಯದೆ ಹಾಕಿದ ಎಸ್ಕೇಪ್ ಒಂದು ಕಡೆ ಸಾಲದಾಯಿತು, ಇನ್ನೊಂದು ಕಡೆ ಹೆಚ್ಚಾಯಿತು. 2012ರ 5.4ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಚೀನೀ ಜಿಬಿಕೆ, ಜಪಾನಿನ ಶಿಫ್ಟ್-ಜಿಸ್ ಸಂಕೇತಪದ್ಧತಿಗಳಲ್ಲಿ ಕೆಲವು ಅಕ್ಷರಗಳ ಎರಡನೇ ಬೈಟ್ 92 ಆಗಿರುತ್ತದೆ. ಕಟಕಾನ ಲಿಪಿಯ ಸೋ ಅಕ್ಷರ ಅಂಥದ್ದು. ಸಂಕೇತಪದ್ಧತಿ ಅರಿಯದ ಪ್ರೋಗ್ರಾಂಗೆ ಅದು ಬ್ಯಾಕ್‌ಸ್ಲ್ಯಾಶ್ ಆಗಿ ಕಾಣುತ್ತದೆ. ಇನ್ನು ಕೆಲವೆಡೆ ರಕ್ಷಣೆಗೆಂದು ಸೇರಿಸಿದ ಬ್ಯಾಕ್‌ಸ್ಲ್ಯಾಶೇ ಹಿಂದಿನ ಬೈಟ್‌ನೊಡನೆ ಕೂಡಿ ಬೇರೊಂದು ಅಕ್ಷರವಾಗಿ, ಕೋಟ್ ಬಯಲಿಗೆ ಬೀಳುತ್ತದೆ. ಡೇಟಾಬೇಸಿನ ವಿಷಯದಲ್ಲಿ ಇದಕ್ಕೆ ನಿಜವಾದ ಮದ್ದು ಇನ್ನಷ್ಟು ಎಸ್ಕೇಪ್ ಅಲ್ಲ. ಆಜ್ಞೆಯನ್ನೂ ಮೌಲ್ಯಗಳನ್ನೂ ಬೇರೆ ಬೇರೆಯಾಗಿ ಕಳಿಸುವುದು.

ಓದುಗರನ್ನು ಕಡಿಮೆ ಮಾಡುವುದು

ಇಬ್ಬರು ಓದುವುದೇ ತೊಡಕಾದರೆ ಒಬ್ಬರನ್ನು ದೂರವಿಡುವುದೇ ಪರಿಹಾರ. ಪರ್ಲ್, ರೂಬಿ, ಜಾವಾಸ್ಕ್ರಿಪ್ಟ್‌ಗಳಲ್ಲಿ ರೆಜೆಕ್ಸ್‌ಗೆ ತನ್ನದೇ ಬರಹರೂಪವಿದೆ. /12\.50/ ಎಂದು ಎರಡು ಸ್ಲ್ಯಾಶ್‌ಗಳ ನಡುವೆ ಬರೆದರೆ ಸ್ಟ್ರಿಂಗ್‌ನ ಓದು ನಡೆಯುವುದೇ ಇಲ್ಲ. ಅದಕ್ಕೆ ಬೆಲೆಯಾಗಿ ಸಾದಾ ಸ್ಲ್ಯಾಶನ್ನು \/ ಎಂದು ಬರೆಯಬೇಕಾಗುತ್ತದೆ.

ಬೇರೆ ಭಾಷೆಗಳು ಕಚ್ಚಾ ಸ್ಟ್ರಿಂಗ್‌ಗಳನ್ನು ಕೊಟ್ಟವು. ಪೈಥಾನ್‌ನಲ್ಲಿ ಕೋಟ್‌ನ ಎಡಕ್ಕೆ ಆರ್ ಅಕ್ಷರ ಬರೆದರೆ ಬ್ಯಾಕ್‌ಸ್ಲ್ಯಾಶ್‌ಗಳು ಇದ್ದ ಹಾಗೆಯೇ ಉಳಿಯುತ್ತವೆ. ಸಿ-ಶಾರ್ಪ್‌ನಲ್ಲಿ @ ಚಿಹ್ನೆ, ಗೋದಲ್ಲಿ ಹಿಮ್ಮುಖ ಕೋಟ್, 2011ರ ಸಿ++ ಮಾನದಂಡದಲ್ಲಿ ದೊಡ್ಡ ಆರ್, ರಸ್ಟ್‌ನಲ್ಲಿ ಆರ್ ಮತ್ತು # ಇದೇ ಕೆಲಸ ಮಾಡುತ್ತವೆ. ಪೈಥಾನ್‌ನ ಕಚ್ಚಾ ಸ್ಟ್ರಿಂಗ್‌ಗೆ ಒಂದು ಮಿತಿಯಿದೆ: ಅದು ಒಂಟಿ ಬ್ಯಾಕ್‌ಸ್ಲ್ಯಾಶ್‌ನಿಂದ ಕೊನೆಗೊಳ್ಳುವಂತಿಲ್ಲ, ಏಕೆಂದರೆ ಕೋಟ್‌ಗೆ ತಗುಲಿದ ಬ್ಯಾಕ್‌ಸ್ಲ್ಯಾಶ್ ಅಲ್ಲೂ ಸ್ಟ್ರಿಂಗ್ ಮುಗಿಯದಂತೆ ತಡೆಯುತ್ತದೆ. ಜಾವಾಕ್ಕೆ ಕಚ್ಚಾ ಸ್ಟ್ರಿಂಗ್ ತರುವ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಲಾಯಿತು. 2020ರ 15ನೇ ಆವೃತ್ತಿಯಲ್ಲಿ ಖಾಯಂ ಆದ ಬಹುಸಾಲಿನ ಪಠ್ಯಖಂಡದಲ್ಲೂ ಎಸ್ಕೇಪ್‌ಗಳ ಓದು ನಡೆಯುತ್ತದೆ. ಹಾಗಾಗಿ ಜಾವಾದವರಿಗೆ ಇಮ್ಮಡಿ ಬ್ಯಾಕ್‌ಸ್ಲ್ಯಾಶ್ ಇನ್ನೂ ತಪ್ಪಿಲ್ಲ.

ಹುಡುಕಬೇಕಾದ ಪಠ್ಯ ಬಳಕೆದಾರರಿಂದ ಬರುವುದಾದರೆ ಕೈಯಾರೆ ಎಸ್ಕೇಪ್ ಹಾಕುವ ಮಾತೇ ಬರಬಾರದು. ಅದಕ್ಕೆಂದೇ ಸಿದ್ಧ ಫಂಕ್ಷನ್‌ಗಳಿವೆ: ಪೈಥಾನ್‌ನಲ್ಲಿ ರೀ.ಎಸ್ಕೇಪ್, ಜಾವಾದಲ್ಲಿ ಪ್ಯಾಟರ್ನ್.ಕೋಟ್, ಪರ್ಲ್‌ನಲ್ಲಿ ಕೋಟ್‌ಮೆಟಾ, ಪಿಎಚ್‌ಪಿಯಲ್ಲಿ ಪ್ರೆಗ್_ಕೋಟ್. ಜಾವಾಸ್ಕ್ರಿಪ್ಟ್ ಬಹುಕಾಲ ಇದಿಲ್ಲದೆ ನಡೆದು, 2025ರ ಮಾನದಂಡದಲ್ಲಿ ರೆಜ್‌ಎಕ್ಸ್‌ಪಿ.ಎಸ್ಕೇಪ್ ಪಡೆಯಿತು. ಬದಲಿ ಪಠ್ಯಕ್ಕೂ ತನ್ನದೇ ವಿಶೇಷ ಚಿಹ್ನೆಗಳಿವೆ ಎಂಬುದನ್ನು ಮರೆಯಬಾರದು. ಸೆಡ್‌ನಲ್ಲಿ & ಎಂದರೆ ಸಿಕ್ಕಿದ ಇಡೀ ಪಠ್ಯ. ಜಾವಾದಲ್ಲಿ $1 ಎಂದರೆ ಮೊದಲ ಗುಂಪು. ಬದಲಿ ಪಠ್ಯದಲ್ಲಿ ಡಾಲರ್ ಲೆಕ್ಕದ ಬೆಲೆ ಇದ್ದರೆ ಅದೂ ಗುಂಪಿನ ಗುರುತಾಗಿ ಓದಿಸಿಕೊಳ್ಳುತ್ತದೆ.

ಕನ್ನಡ ಪಠ್ಯದ ಮೇಲೆ

\ಡಬ್ಲ್ಯು, \ಬಿ, \ಡಿ ಮೊದಲಾದ ಕಿರುಗುರುತುಗಳು ಇಂಗ್ಲಿಷ್ ಪಠ್ಯಕ್ಕಾಗಿ ಹುಟ್ಟಿದವು. ಕನ್ನಡದಲ್ಲಿ ಅವುಗಳ ನಡತೆ ಎಂಜಿನ್‌ನಿಂದ ಎಂಜಿನ್‌ಗೆ ಬೇರೆಯಾಗುತ್ತದೆ. ಜಾವಾಸ್ಕ್ರಿಪ್ಟ್‌ನ \ಡಬ್ಲ್ಯು ಇಂಗ್ಲಿಷ್ ಅಕ್ಷರ, ಅಂಕೆ ಮತ್ತು ಅಡಿಗೆರೆಯನ್ನಷ್ಟೇ ಬಲ್ಲದು; ಕನ್ನಡದ ಒಂದಕ್ಷರವೂ ಅದಕ್ಕೆ ಹೊಂದುವುದಿಲ್ಲ. ಪೈಥಾನ್ 3ರ \ಡಬ್ಲ್ಯು ಕನ್ನಡದ ಸ್ವರ ವ್ಯಂಜನಗಳನ್ನು ಒಪ್ಪುತ್ತದೆ, ಆದರೆ ಕಾಗುಣಿತದ ಗುರುತುಗಳನ್ನೂ ವಿರಾಮವನ್ನೂ (ಯೂನಿಕೋಡ್ ಸಂಖ್ಯೆ 3277) ಒಪ್ಪುವುದಿಲ್ಲ. ಹೀಗಾಗಿ \ಡಬ್ಲ್ಯು+ ಬಳಸಿ ‘ಕನ್ನಡ’ ಎಂಬ ಪದವನ್ನು ಹುಡುಕಿದರೆ ‘ಕನ’ ಮತ್ತು ‘ನಡ’ ಎಂಬ ಎರಡು ತುಂಡುಗಳು ಸಿಗುತ್ತವೆ. \ಬಿ ಕೂಡ ಪದದ ನಡುವೆಯೇ ಗಡಿ ಕಾಣುತ್ತದೆ. ಪೈಥಾನ್‌ನ \ಡಿ ಮಾತ್ರ ೦ಯಿಂದ ೯ರವರೆಗಿನ ಕನ್ನಡ ಅಂಕೆಗಳನ್ನೂ ಅಂಕೆಗಳೆಂದೇ ಎಣಿಸುತ್ತದೆ, ಜಾವಾಸ್ಕ್ರಿಪ್ಟ್‌ನದು ಎಣಿಸುವುದಿಲ್ಲ.

ಇದಕ್ಕೆ ಯೂನಿಕೋಡ್ ಗುಣಗಳನ್ನು ಹೆಸರಿಸುವ \ಪಿ ಎಸ್ಕೇಪ್ ಸರಿಯಾದ ಸಾಧನ. ಪರ್ಲ್, ಜಾವಾ, ಪಿಸಿಆರ್‌ಇಗಳಲ್ಲಿ ಅದು ಬಹುಕಾಲದಿಂದ ಬಳಕೆಯಲ್ಲಿದೆ. ಜಾವಾಸ್ಕ್ರಿಪ್ಟ್‌ಗೆ 2018ರಲ್ಲಿ ಬಂತು. ಪುಷ್ಪಾವರಣದಲ್ಲಿ ಅಕ್ಷರ ಎಂಬ ಗುಣವನ್ನೂ ಗುರುತು ಎಂಬ ಗುಣವನ್ನೂ ಹೆಸರಿಸಿ ಎರಡನ್ನೂ ಒಂದೇ ಚೌಕ ಆವರಣದಲ್ಲಿ ಇಟ್ಟರೆ ‘ಕನ್ನಡ’ ಇಡಿಯಾಗಿ ಸಿಗುತ್ತದೆ. ‘ರಾಜ್‌ಕುಮಾರ್’ ಎಂಬಂಥ ಬರಹದಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರ (ಸಂಖ್ಯೆ 8204) ಈ ಎರಡೂ ಗುಂಪಿಗೆ ಸೇರದು. ಅದನ್ನು ಬೇರೆಯಾಗಿ ಸೇರಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಯೂನಿಕೋಡ್ ಸೂಚನೆ ಕೊಡದೆ \ಪಿ ಬರೆದರೆ ಅದು ಬರಿಯ ಪಿ ಅಕ್ಷರವಾಗಿ ಉಳಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ಹಿಂದಿನ ಗುಂಪನ್ನು ಕರೆಯುವ \1 ಕನ್ನಡಕ್ಕೆ ಚೆನ್ನಾಗಿ ಒದಗುತ್ತದೆ. ಒಂದೇ ಅಕ್ಷರ ಎರಡು ಸಲ ಬರುವುದನ್ನು ಹಿಡಿಯುವ (.)\1 ಎಂಬ ವಿನ್ಯಾಸಕ್ಕೆ ‘ಅಮ್ಮ’ ಹೊಂದುವುದಿಲ್ಲ, ಯೂನಿಕೋಡ್‌ನಲ್ಲಿ ಎರಡು ಮಕಾರಗಳ ನಡುವೆ ವಿರಾಮ ಕೂತಿರುತ್ತದೆ. (.) ಮತ್ತು \1ರ ನಡುವೆ ಆ ವಿರಾಮವನ್ನು ಸೇರಿಸಿದರೆ ಅಮ್ಮ, ಅಕ್ಕ, ಅಪ್ಪ, ಕನ್ನಡ ಹೀಗೆ ಸಜಾತೀಯ ಒತ್ತಕ್ಷರವಿರುವ ಪದಗಳೆಲ್ಲ ಸಾಲಾಗಿ ಬರುತ್ತವೆ.

ತಪ್ಪು ಹುಡುಕುವ ಕ್ರಮ

ರೆಜೆಕ್ಸ್ ಕೆಲಸ ಮಾಡದಿದ್ದಾಗ ಬ್ಯಾಕ್‌ಸ್ಲ್ಯಾಶ್ ಸೇರಿಸಿ ನೋಡುವುದು, ತೆಗೆದು ನೋಡುವುದು ಫಲ ಕೊಡದು. ಮೊದಲು ಎಂಜಿನ್‌ಗೆ ಯಾವ ವಿನ್ಯಾಸ ತಲುಪಬೇಕೋ ಅದನ್ನು ಸ್ಟ್ರಿಂಗ್‌ನ ಚಿಂತೆಯಿಲ್ಲದೆ ಬರೆದುಕೊಳ್ಳಬೇಕು. ಆಮೇಲೆ ಒಳಗಿನಿಂದ ಹೊರಕ್ಕೆ, ಪ್ರತಿ ಪದರದ ನಿಯಮದಂತೆ ಎಸ್ಕೇಪ್ ಹಾಕುತ್ತ ಬರಬೇಕು. ಕಚ್ಚಾ ಸ್ಟ್ರಿಂಗ್ ಇದ್ದರೆ ಆ ಪದರ ಇಲ್ಲವೆಂದೇ ಲೆಕ್ಕ. ಕೊನೆಗೆ ಸ್ಟ್ರಿಂಗನ್ನು ಮುದ್ರಿಸಿ, ಎಂಜಿನ್‌ಗೆ ನಿಜವಾಗಿ ಏನು ಹೋಗುತ್ತಿದೆ ಎಂದು ನೋಡಬೇಕು. ಪೈಥಾನ್‌ನ ಸಂವಾದ ಕಿಟಕಿಯಲ್ಲಿ ಸ್ಟ್ರಿಂಗ್‌ನ ಹೆಸರನ್ನಷ್ಟೇ ಬರೆದು ಎಂಟರ್ ಒತ್ತಿದರೆ ಅದು ಮೌಲ್ಯವನ್ನು ಮತ್ತೆ ಎಸ್ಕೇಪ್ ಹಾಕಿ, ಒಂದು ಬ್ಯಾಕ್‌ಸ್ಲ್ಯಾಶನ್ನು ಎರಡಾಗಿ ತೋರಿಸುತ್ತದೆ. ಪ್ರಿಂಟ್ ಫಂಕ್ಷನ್ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಅನುಮಾನ ಉಳಿದರೆ ಉದ್ದವನ್ನು ಎಣಿಸಿದರಾಯಿತು: "\\" ಎಂಬ ಸ್ಟ್ರಿಂಗ್‌ನ ಉದ್ದ 1, "12\\.50" ಎಂಬುದರ ಉದ್ದ 6. ಎಣಿಕೆ ಹೊಂದಿದರೆ ಸ್ಟ್ರಿಂಗ್‌ನ ಓದು ಸರಿಯಾಗಿದೆ ಎಂದರ್ಥ. ಆಮೇಲೂ ಫಲ ಬಾರದಿದ್ದರೆ ತಪ್ಪನ್ನು ಹುಡುಕಬೇಕಾದದ್ದು ರೆಜೆಕ್ಸ್‌ನಲ್ಲಿ.